ಹುಟ್ಟಿದ ದಿನ, ಅಚ್ಚೊತ್ತಿದ ದಿನ: ಫ್ರಾನ್ಸಿನ ರಾಜಜನನ ಪದಕಗಳ ಕಾಲನಿರ್ಣಯ

ಪದಕದ ಮೇಲೆ ಇಸವಿ ಕಂಡರೆ ಅದೇ ಪದಕದ ವಯಸ್ಸು ಎಂದು ಹೊಸ ಸಂಗ್ರಾಹಕರು ನಂಬಿಬಿಡುತ್ತಾರೆ. ಫ್ರಾನ್ಸಿನ ದೊರೆ 14ನೆಯ ಲೂಯಿಯ ಜನನವನ್ನು ನೆನೆಯುವ ಎರಡು ಪದಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಎರಡರ ಮೇಲೂ 1638 ಎಂದಿದೆ. ಎರಡೂ ಆ ವರ್ಷ ತಯಾರಾದವಲ್ಲ.

ಮೊದಲನೆಯದು ಜಾನ್ ವಾರಿನ್ ಎಂಬ ಕೆತ್ತನೆಗಾರನ ಕೈಕೆಲಸ. ವ್ಯಾಸ ಸುಮಾರು 95 ಮಿ.ಮೀ., ಅಂಗೈ ತುಂಬುವಷ್ಟು. ಮುಂಬದಿಯಲ್ಲಿ ರಾಣಿ ಆನ್ ತನ್ನ ಮಗುವನ್ನು ಎತ್ತಿಕೊಂಡಿದ್ದಾಳೆ. ಹಿಂಬದಿಯಲ್ಲಿ ಪ್ಯಾರಿಸ್ಸಿನ ವಾಲ್-ದ-ಗ್ರಾಸ್ ಚರ್ಚಿನ ಮುಖಮಂಟಪ. 1615ರಲ್ಲಿ 13ನೆಯ ಲೂಯಿಯನ್ನು ಮದುವೆಯಾದ ಆನ್‌ಗೆ ಮಗ ಹುಟ್ಟಿದ್ದು 23 ವರ್ಷಗಳ ಮೇಲೆ. ಮಗುವಾದರೆ ಚರ್ಚು ಕಟ್ಟಿಸುವೆನೆಂದು ಆಕೆ ಹರಕೆ ಹೊತ್ತಿದ್ದಳು. ಆ ಹರಕೆ ತೀರಿಸಲು 1645ರ ಏಪ್ರಿಲ್ 1ರಂದು ಅಡಿಗಲ್ಲು ಇಟ್ಟವನು ಅದೇ ಮಗು. ಆಗ ಅವನಿಗೆ ಆರು ವರ್ಷ, ಆಗಲೇ ದೊರೆ. ಪದಕ ಹುಟ್ಟಿಕೊಂಡಿದ್ದು ಈ ಸಂದರ್ಭಕ್ಕೆ.

ಹಿಂಬದಿಯ ಲ್ಯಾಟಿನ್ ಬರಹದ ಅರ್ಥ ಇಷ್ಟು: ಬಹುಕಾಲ ಹಂಬಲಿಸಿದ, ರಾಜವಂಶದ, ಶುಭಕರವಾದ ಹೆರಿಗೆಯ ಕೃಪೆಗಾಗಿ. ಇಲ್ಲಿ 'ಸೆಕುಂದಿ' ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. ಅದಕ್ಕೆ 'ಎರಡನೆಯ' ಎಂಬ ಅರ್ಥವೂ ಉಂಟು, 'ಅನುಕೂಲವಾದ' ಎಂಬ ಅರ್ಥವೂ ಉಂಟು. ಲೂಯಿ ಚೊಚ್ಚಲ ಮಗ. ತಮ್ಮ ಫಿಲಿಪ್ ಹುಟ್ಟಿದ್ದು 1640ರಲ್ಲಿ. ಆದ್ದರಿಂದ 'ಅನುಕೂಲವಾದ' ಎಂಬ ಅರ್ಥವನ್ನೇ ಹಿಡಿಯಬೇಕು.

ಇದಕ್ಕಿಂತ ತೊಡಕಿನದು ಕೆಳಗಿನ ದಿನಾಂಕ: 'ಕ್ವಿಂತೋ ಕಲ್. ಸೆಪ್ಟ್. 1638'. ರೋಮನ್ನರ ಲೆಕ್ಕದಲ್ಲಿ ತಿಂಗಳ ಮೊದಲ ದಿನ ಕಲೆಂಡೇ. ಅಲ್ಲಿಂದ ಹಿಂದಕ್ಕೆ ಎಣಿಸುವಾಗ ಆ ದಿನವನ್ನೂ ಸೇರಿಸಿಕೊಳ್ಳಬೇಕು. ಸೆಪ್ಟೆಂಬರ್ 1 ಒಂದು, ಆಗಸ್ಟ್ 31 ಎರಡು, ಹೀಗೆ ಐದನೆಯದು ಆಗಸ್ಟ್ 28. ಲೂಯಿ ಹುಟ್ಟಿದ್ದೋ ಸೆಪ್ಟೆಂಬರ್ 5ರಂದು, ಸೇಂಟ್ ಜರ್ಮೇನ್ ಅರಮನೆಯಲ್ಲಿ. ಅಂದರೆ ಹೆತ್ತ ತಾಯಿಯೇ ಹರಕೆ ತೀರಿಸುವ ಪದಕದ ಮೇಲೆ ಮಗನ ಜನ್ಮದಿನ ಎಂಟು ದಿನ ಹಿಂದೆ ಸರಿದಿದೆ. ನನ್ನ ಓದಿನಲ್ಲಿ ಇದು ಪಾಂಡಿತ್ಯದ ಮೆರುಗು ತಂದ ತಪ್ಪು. ಬರಹ ಸಿದ್ಧಪಡಿಸಿದವರ ಮನಸ್ಸಿನಲ್ಲಿದ್ದುದು 'ಸೆಪ್ಟೆಂಬರ್ ಐದು'. ಪ್ರಾಚೀನತೆಯ ಕಳೆ ಬರಲೆಂದು 'ಕಲ್.' ಸೇರಿಸಿದಾಗ ಲೆಕ್ಕ ತಿರುಗಿಬಿದ್ದಿತು. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನಗಳ ಜೊತೆ ಹೆಣಗಿದ ನಮ್ಮವರಿಗೆ ಈ ಬಗೆಯ ತೊಡಕು ಹೊಸದಲ್ಲ.

ಎರಡನೆಯ ಪದಕದ ರೀತಿಯೇ ಬೇರೆ. 'ಓರ್ಟುಸ್ ಸೋಲಿಸ್ ಗಾಲ್ಲಿಕಿ', ಎಂದರೆ ಫ್ರಾನ್ಸಿನ ಸೂರ್ಯನ ಉದಯ. ನಡುವೆ ಸೂರ್ಯನ ರಥದಲ್ಲಿ ಕೂತ ಮಗು, ಸುತ್ತ ಆಕಾಶದ ರಾಶಿಚಕ್ರ. ಕೆಳಗೆ ಸೆಪ್ಟೆಂಬರ್ 5 ಎಂದು ಮಾತ್ರವಲ್ಲ, ಮಧ್ಯಾಹ್ನಕ್ಕೆ 38 ನಿಮಿಷ ಮುಂಚೆ ಎಂದೂ ಇದೆ. ಬೆಳ್ಳಿಯಲ್ಲಿ ಕೆತ್ತಿದ ಜಾತಕ ಎನ್ನಲು ಅಡ್ಡಿಯಿಲ್ಲ. ಆದರೆ ಲೂಯಿ ಸೂರ್ಯನನ್ನು ತನ್ನ ಲಾಂಛನವಾಗಿ ಹಿಡಿದದ್ದು 1662ರ ಕುದುರೆ ಮೆರವಣಿಗೆಯ ಉತ್ಸವದಿಂದೀಚೆಗೆ. ಆಳ್ವಿಕೆಯ ಮುಖ್ಯ ಘಟನೆಗಳನ್ನೆಲ್ಲ 41 ಮಿ.ಮೀ.ನ ಒಂದೇ ಅಳತೆಯ ಪದಕಗಳಾಗಿ ಹೊರತಂದ ಸರಣಿಯಲ್ಲಿ ಈ ಜನನಕ್ಕೂ ಸ್ಥಾನ ಸಿಕ್ಕಿತು. ಮಂತ್ರಿ ಕೊಲ್ಬೆರ್ 1663ರಲ್ಲಿ ಸ್ಥಾಪಿಸಿದ ವಿದ್ವತ್ ಮಂಡಲಿ ಅದರ ಬರಹಗಳನ್ನು ರೂಪಿಸಿತು. 286 ಪದಕಗಳನ್ನು ವಿವರಿಸುವ ಗ್ರಂಥ 1702ರಲ್ಲಿ ಅಚ್ಚಾಯಿತು. ಹೆರಿಗೆಗೆ ಹತ್ತಿರದ ಪದಕ ದಿನವನ್ನೇ ತಪ್ಪಿಸಿತು, ದಶಕಗಳ ನಂತರದ್ದು ನಿಮಿಷವನ್ನೂ ನಮೂದಿಸಿತು. ತಾಯಿಗೆ ಬೇಕಿದ್ದುದು ಹರಕೆಯ ಸಾಕ್ಷಿ. ವೃದ್ಧ ದೊರೆಯ ಆಸ್ಥಾನಕ್ಕೆ ಬೇಕಿದ್ದುದು ತೊಟ್ಟಿಲಲ್ಲೇ ಸೂರ್ಯನಾಗಿದ್ದ ಮಗು. ಈ ಪದಕಗಳನ್ನು ಕೂಡಿಡುವವರು ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾವಾಗ ಯಾರಿಗೆ ಬೇಕಾಗಿತ್ತು ಎಂಬುದು.

ಅದಕ್ಕೆ ಉತ್ತರ ಎಷ್ಟೋ ಬಾರಿ ಪದಕದ ಅಂಚಿನಲ್ಲಿರುತ್ತದೆ. ಪ್ಯಾರಿಸ್ ಟಂಕಸಾಲೆ ಹಳೆಯ ಅಚ್ಚುಗಳನ್ನು ಜೋಪಾನ ಮಾಡಿ, ಕೇಳಿದವರಿಗೆ ಮತ್ತೆ ಮತ್ತೆ ಒತ್ತಿಕೊಟ್ಟಿದೆ. ಪುಣ್ಯಕ್ಕೆ 1832ರಿಂದ ಅಂಚಿನಲ್ಲಿ ಗುರುತು ಹಾಕುವ ಪದ್ಧತಿ ಬಂತು: ಮೊದಲು ಹಳೆಗಾಲದ ದೀಪ, 1841ರಲ್ಲಿ ಲಂಗರು, 1842ರಿಂದ ಹಡಗಿನ ಮೂತಿ, 1845ರಿಂದ ಬೆರಳು ಚಾಚಿದ ಕೈ, 1860ರಿಂದ ಜೇನ್ನೊಣ, 1880ರಿಂದ ಹಣ್ಣುಹೂವು ಉಕ್ಕುವ ಕೊಂಬು. ಜೊತೆಗೆ ಲೋಹದ ಹೆಸರು; ಬೆಳ್ಳಿಗೆ 'ಅರ್ಜಾಂ'. ನನ್ನ ಬಳಿಯಿರುವ 'ಸೂರ್ಯೋದಯ'ವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನಲ್ಲಿ ಆ ಕೊಂಬು ಸ್ಪಷ್ಟ. ರಥದ ಮೇಲಿನ ಬಯಲಿನಲ್ಲಿ ಗಸಗಸೆಗಿಂತ ಸಣ್ಣ ಉಬ್ಬುಗಳೂ ಇವೆ. ಅವು ಕೊಳೆಯಲ್ಲ. ಅಚ್ಚಿಗೆ ತುಕ್ಕು ಹಿಡಿದು ಕುಳಿ ಬಿದ್ದ ಕಡೆಯಲ್ಲೆಲ್ಲ ಬೆಳ್ಳಿ ಒಳನುಗ್ಗಿ ಉಬ್ಬಾಗಿದೆ. ಇದನ್ನು ನಕಲಿ ಎನ್ನುವುದು ಅನ್ಯಾಯ; ಮೂಲವೆಂದು ಮಾರುವುದು ಇನ್ನೂ ದೊಡ್ಡ ಅನ್ಯಾಯ. ಇದು ಮರುಟಂಕಣ.

ಅಂಚು ಬೋಳಾಗಿದ್ದರೆ ತಕ್ಕಡಿ ಬೇಕು. 16ನೆಯ ಲೂಯಿಗೆ 1781ರ ಅಕ್ಟೋಬರ್ 22ರಂದು ಮಗ ಹುಟ್ಟಿದಾಗ ದುವಿವಿಯೆ ಕೆತ್ತಿದ, 'ಫೆಲಿಚಿತಾಸ್ ಪುಬ್ಲಿಕಾ' (ಪ್ರಜೆಗಳ ಸುಖ) ಎಂಬ ಬರಹದ ಪದಕವೊಂದು ಬೆಳ್ಳಿ ಲೇಪದ ತಾಮ್ರವೋ ಏನೋ ಎಂಬ ಸಂಶಯ ನನಗಿತ್ತು. ಗಾಳಿಯಲ್ಲಿ 37.4 ಗ್ರಾಂ ತೂಗಿತು. ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 3.6 ಗ್ರಾಂ ಕಡಿಮೆಯಾಯಿತು. ಭಾಗಿಸಿದರೆ 10.4. ಅಪ್ಪಟ ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ಸಂಶಯ ಕಳೆಯಿತು. ಉಜ್ಜಿ ಹೊಳಪಿಸಿ ಪರೀಕ್ಷಿಸಿದ್ದರೆ ಇನ್ನೂರು ವರ್ಷದ ಕಪ್ಪು ಛಾಯೆ ಹಾಳಾಗುತ್ತಿತ್ತು.

ಆ ಮಗುವಿನ ಸಡಗರಕ್ಕೆ ರಾಜ ರಾಣಿ ಪ್ಯಾರಿಸ್ ನಗರಕ್ಕೆ ಬಂದದ್ದಕ್ಕೂ ದುವಿವಿಯೆಯ ಪದಕವಿದೆ. ಅದರ ಮೇಲೆ ರೋಮನ್ ಅಂಕಿಗಳಲ್ಲಿರುವ ದಿನಾಂಕ 1782ರ ಜನವರಿ 21. ಮಗು 1789ರ ಜೂನ್ 4ರಂದು ತೀರಿಕೊಂಡಿತು. 1793ರ ಜನವರಿ 21ರಂದು ಅದೇ ನಗರದಲ್ಲಿ ತಂದೆಯ ಶಿರಚ್ಛೇದವಾಯಿತು. ಪದಕವನ್ನು ಕೈಗೆತ್ತಿಕೊಂಡಾಗಲೆಲ್ಲ ಆ ರೋಮನ್ ಅಂಕಿಗಳ ಮೇಲೆ ನನ್ನ ಕಣ್ಣು ನಿಲ್ಲುತ್ತದೆ.

ಕೊನೆಯದಾಗಿ 1820ರ ಮಾತು. ಫೆಬ್ರವರಿಯಲ್ಲಿ ರಾಜವಂಶದ ಬೆರಿಯ ಡ್ಯೂಕ್‌ನನ್ನು ಲೂವೆಲ್ ಎಂಬಾತ ಇರಿದು ಕೊಂದ. ಸೆಪ್ಟೆಂಬರ್ 29ರಂದು ಅವನ ವಿಧವೆಗೆ ಮಗ ಹುಟ್ಟಿದ. ಮಗು ತನ್ನದಲ್ಲವೆಂದು ಯಾರೂ ಅನುಮಾನಿಸಬಾರದೆಂದು ಆಕೆ ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ ಕಾವಲುಭಟರನ್ನು ಕರೆಸಿ ತೋರಿಸಿದಳು. ಹೆಸರುಗಳಲ್ಲೊಂದು ದ್ಯೊದೊನೇ, ದೇವರು ಕೊಟ್ಟವನು. 14ನೆಯ ಲೂಯಿಗೂ ಅದೇ ಹೆಸರಿತ್ತು. ಈ ಜನನದ ಪದಕಗಳು ಸ್ಮರಣಿಕೆಗಳಷ್ಟೇ ಅಲ್ಲ, ಹಕ್ಕುಪತ್ರಗಳು ಎಂದೇ ನಾನು ತಿಳಿಯುತ್ತೇನೆ. 1820ರ ಪ್ರತಿಯಾದರೆ ಅಂಚಿನಲ್ಲಿ ಈ ಯಾವ ಗುರುತೂ ಇರಕೂಡದು. ಬೆರಳು ಚಾಚಿದ ಕೈ ಇರುವ ಪ್ರತಿ ಸಿಕ್ಕರೆ ಅದನ್ನು ಬದಿಗಿಡಬೇಡಿ. ಅದನ್ನು ಒತ್ತುವ ಹೊತ್ತಿಗೆ ಆ ಮಗು ದೇಶಭ್ರಷ್ಟನಾಗಿ ಹದಿನೈದು ವರ್ಷವಾದರೂ ಆಗಿತ್ತು. ಆದರೂ ಯಾರೋ ಒಬ್ಬರು ಟಂಕಸಾಲೆಗೆ ಹೋಗಿ ಅವನ ಜನನವನ್ನು ಬೆಳ್ಳಿಯಲ್ಲಿ ಕೇಳಿ ಪಡೆದಿದ್ದಾರೆ.