ಔತಣಕ್ಕೆ ಬಂದ ಕನ್ನಗಳ್ಳ

1898ರ ಜೂನ್ ತಿಂಗಳ ಕ್ಯಾಸೆಲ್ಸ್ ಮ್ಯಾಗಜೀನಿನಲ್ಲಿ ಒಂದು ಕತೆ ಬಂತು. ಬನ್ನಿ ಮ್ಯಾಂಡರ್ಸ್ ಎಂಬ ತರುಣ ಇಸ್ಪೀಟಾಟದಲ್ಲಿ ಇದ್ದುದನ್ನೆಲ್ಲ ಸೋತಿದ್ದಾನೆ. ಖಾತೆಯಲ್ಲಿ ಕಾಸಿಲ್ಲದಿದ್ದರೂ ಚೆಕ್ಕು ಬರೆದುಕೊಟ್ಟು, ನಡುರಾತ್ರಿ ಹಳೆಯ ಶಾಲಾಗೆಳೆಯನ ಕೋಣೆಗೆ ಬಂದು ಪಿಸ್ತೂಲನ್ನು ತನ್ನ ತಲೆಗೇ ಹಿಡಿಯುತ್ತಾನೆ. ಗೆಳೆಯ ಅವನನ್ನು ತಡೆದು, ಹಣಕ್ಕೊಂದು ದಾರಿ ಇದೆ ಎಂದು ಹೊರಗೆ ಕರೆದೊಯ್ಯುತ್ತಾನೆ. ಯಾರಲ್ಲೋ ಸಾಲ ಕೇಳಲು ಹೊರಟಿದ್ದೇವೆ ಎಂದುಕೊಂಡಿದ್ದ ಬನ್ನಿಗೆ, ತಾವು ನುಗ್ಗಿರುವುದು ಬಾಂಡ್ ಸ್ಟ್ರೀಟಿನ ಒಡವೆ ಅಂಗಡಿಗೆ ಎಂದು ತಿಳಿಯುವಷ್ಟರಲ್ಲಿ ಹಿಂದಿರುಗುವ ದಾರಿ ಮುಚ್ಚಿರುತ್ತದೆ. ಆ ಗೆಳೆಯನ ಹೆಸರು ಎ.ಜೆ. ರಾಫಲ್ಸ್. ಲಂಡನ್ನಿನ ಪ್ರತಿಷ್ಠಿತ ವಸತಿ ಆಲ್ಬನಿಯಲ್ಲಿ ಅವನ ವಾಸ, ಇಂಗ್ಲೆಂಡಿನ ಒಳ್ಳೆಯ ಬೌಲರುಗಳಲ್ಲಿ ಒಬ್ಬನೆಂದು ಹೆಸರು.

ಅಪರಾಧ ಕಥನದಲ್ಲಿ ಮರ್ಯಾದಸ್ಥ ಕಳ್ಳ ನಾಯಕನಾಗಿ ನಿಂತದ್ದು ಈ ಕತೆಯಿಂದ. ಆದರೆ ಬೇರು ಇನ್ನೂ ಹಿಂದಕ್ಕಿದೆ. ಕಳ್ಳನಾಗಿದ್ದು ಪ್ಯಾರಿಸ್ಸಿನ ಪತ್ತೇದಾರಿ ಪೊಲೀಸರ ಮುಖ್ಯಸ್ಥನೇ ಆದ ವಿದೋಕ್ 1828ರಲ್ಲಿ ತನ್ನ ನೆನಪುಗಳನ್ನು ಪ್ರಕಟಿಸಿದ. ಬಾಲ್ಜಾಕ್‌ನ ವೋತ್ರ್ಯಾಂ ಪಾತ್ರದ ಬೆನ್ನಿಗೆ ಇದ್ದವನು ಅವನೇ. 1857ರಿಂದ ಪೊನ್ಸೋಂ ದು ತೆರಾಯ್ ಬರೆದ ರೊಕಾಂಬೋಲ್ ಕತೆಗಳಲ್ಲಿ ದುಷ್ಟನೊಬ್ಬ ಕಂತಿನಿಂದ ಕಂತಿಗೆ ನಾಯಕನಾದ. ಕನ್ನಡದ ಓದುಗರಿಗಂತೂ ಈ ಜಾಡು ಹೊಸದಲ್ಲ. ಹತ್ತನೆಯ ಶತಮಾನದ ಸುಮಾರಿನ 'ವಡ್ಡಾರಾಧನೆ'ಯ ವಿದ್ಯುಚ್ಚೋರ ಅರಸುಮಗ. ಚಿಕ್ಕಂದಿನಲ್ಲಿ ಕಳ್ಳವಿದ್ಯೆ ಕಲಿತವನು. ಜೊತೆಯಲ್ಲಿ ಓದಿದ ಯಮದಂಡ ಕಲಿತದ್ದು ತಳವಾರಿಕೆಯ ವಿದ್ಯೆ. ಇಬ್ಬರ ನಡುವೆ ಪಂಥ. ಗೆಳೆಯ ತಳವಾರನಾಗಿರುವ ಊರಿನಲ್ಲೇ ವಿದ್ಯುಚ್ಚೋರ ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ರಾತ್ರಿ ಕದಿಯುತ್ತಾನೆ, ಅರಸನ ಹಾರಕ್ಕೂ ಕೈ ಹಾಕುತ್ತಾನೆ. ಒಳ್ಳೆಯ ಹುಟ್ಟು, ವೇಷ, ಆಟದ ಹುಮ್ಮಸ್ಸು, ಕಾನೂನಿನ ಕಡೆಗೊಬ್ಬ ಸಮಬಲದ ಎದುರಾಳಿ ಎಲ್ಲವೂ ಅಲ್ಲಿವೆ. ಆ ಕತೆ ಹೊರಟಿರುವುದು ಮಾತ್ರ ವೈರಾಗ್ಯದ ಕಡೆಗೆ. ಇಂಗ್ಲಿಷ್, ಫ್ರೆಂಚ್ ಲೇಖಕರು ಹೊರಟದ್ದು ಬೇರೆ ಕಡೆಗೆ: ದೊಡ್ಡ ಮನೆಯ ಆಸ್ತಿ ಅಲ್ಲಿಗೆ ಬಂದದ್ದು ಎಲ್ಲಿಂದ, ಅದನ್ನು ಕದ್ದವನು ಮನೆಯೊಡೆಯನಿಗಿಂತ ಎಷ್ಟು ಕೆಟ್ಟವನು ಎಂಬ ಪ್ರಶ್ನೆಯ ಕಡೆಗೆ. ಆ ಪ್ರಶ್ನೆ ಜೀವಂತವಾಗಿದ್ದಷ್ಟು ದಿನ ಈ ಪ್ರಕಾರಕ್ಕೂ ಜೀವವಿತ್ತು ಎಂಬುದು ನನ್ನ ನಂಬಿಕೆ.

1891ರಲ್ಲಿ ಶುರುವಾದ ಸ್ಟ್ರಾಂಡ್ ಮ್ಯಾಗಜೀನ್ ಷರ್ಲಾಕ್ ಹೋಮ್ಸ್ ಕತೆಗಳಿಂದ ಮನೆಮಾತಾಗಿತ್ತು. ಒಂದೇ ನಾಯಕ, ತಿಂಗಳಿಗೊಂದು ಪೂರ್ತಿ ಕತೆ ಎಂಬ ಅಚ್ಚು ಆಗ ಸಿದ್ಧವಾಯಿತು. 1893ರ ಕೊನೆಯಲ್ಲಿ ಕಾನನ್ ಡಾಯ್ಲ್ ಹೋಮ್ಸ್‌ನನ್ನು ಸಾಯಿಸಿದಾಗ ಪತ್ರಿಕೆಗಳೆಲ್ಲ ಹೊಸ ನಾಯಕನಿಗಾಗಿ ಹುಡುಕಾಡಿದವು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ವಜ್ರ, ಚಿನ್ನದ ಗಣಿಗಳಲ್ಲಿ ದಿಢೀರ್ ಸಿರಿವಂತರಾದವರು ಲಂಡನ್ನಿನಲ್ಲಿ ಬಂಗಲೆ ಕೊಳ್ಳುತ್ತಿದ್ದರು. ಗ್ರಾಂಟ್ ಅಲೆನ್ ಎರಡನ್ನೂ ಕೂಡಿಸಿದ. ಅವನ 'ಆನ್ ಆಫ್ರಿಕನ್ ಮಿಲಿಯನೇರ್' (1897) ಕೃತಿಯಲ್ಲಿ ಕರ್ನಲ್ ಕ್ಲೇ ಎಂಬ ಬಹುವೇಷಧಾರಿ ಸರ್ ಚಾರ್ಲ್ಸ್ ವಾಂಡ್ರಿಫ್ಟ್ ಎಂಬ ವಜ್ರದ ಕುಳವನ್ನೇ ಮತ್ತೆ ಮತ್ತೆ ದೋಚುತ್ತಾನೆ. ಒಮ್ಮೆ ಭವಿಷ್ಯ ಹೇಳುವವನಾಗಿ, ಒಮ್ಮೆ ಪಾದ್ರಿಯಾಗಿ ಬರುತ್ತಾನೆ. ಕತೆ ಹೇಳುವವನು ವಾಂಡ್ರಿಫ್ಟ್‌ನ ಭಾವಮೈದುನ ಹಾಗೂ ಕಾರ್ಯದರ್ಶಿ. ಒಡೆಯನನ್ನು ಸಮರ್ಥಿಸುತ್ತಲೇ ಒಡೆಯ ಹೇಗೆ ಪರರನ್ನು ಮುಳುಗಿಸಿದ ಎಂಬುದನ್ನೂ ಅವನು ನಮಗೆ ತಿಳಿಸಿಬಿಡುತ್ತಾನೆ. ಅಷ್ಟು ಚುರುಕಾದ ನಿರೂಪಣೆ ಮುಂದಿನ ಹಲವು ಪ್ರಖ್ಯಾತ ಕೃತಿಗಳಲ್ಲೂ ಇಲ್ಲ. ಅದೇ ವರ್ಷ ಗೈ ಬೂತ್‌ಬಿ ಸೃಷ್ಟಿಸಿದ ಸೈಮನ್ ಕಾರ್ನ್, ಒಂದು ಮನೆಯಲ್ಲಿ ಕಳ್ಳನಾಗಿ, ಪಕ್ಕದ ಮನೆಯಲ್ಲಿ ಕ್ಲಿಮೋ ಎಂಬ ಪತ್ತೇದಾರನಾಗಿ ಬಾಳುತ್ತಾನೆ. ಉಪಾಯ ಚೆನ್ನಾಗಿದೆ, ಮನುಷ್ಯ ಮಾತ್ರ ಮರದ ಬೊಂಬೆ.

ರಾಫಲ್ಸ್ ಹಾಗಲ್ಲ. ಅವನನ್ನು ಬರೆದ ಇ.ಡಬ್ಲ್ಯು. ಹಾರ್ನಂಗ್ ಕಾನನ್ ಡಾಯ್ಲ್‌ನ ತಂಗಿ ಕಾನ್‌ಸ್ಟನ್ಸ್‌ಳ ಗಂಡ. 1899ರಲ್ಲಿ ಬಂದ ಮೊದಲ ಸಂಕಲನ 'ದಿ ಅಮೆಚೂರ್ ಕ್ರ್ಯಾಕ್ಸ್‌ಮನ್' ಅನ್ನು ಅವನು ಭಾವನಿಗೇ ಅರ್ಪಿಸಿದ. ಹೋಮ್ಸ್–ವಾಟ್ಸನ್ ಜೋಡಿಯನ್ನು ಕಾನೂನಿನ ಆಚೆ ದಡಕ್ಕೆ ದಾಟಿಸಿದರೆ ರಾಫಲ್ಸ್–ಬನ್ನಿ ಸಿಗುತ್ತಾರೆ. ಆದರೆ ಹಾರ್ನಂಗ್‌ನ ಸಾಧನೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅದು ಕಾಣಬೇಕಾದರೆ ಆಗಿನ ಕ್ರಿಕೆಟ್ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡುವವರನ್ನು 'ಪ್ಲೇಯರ್ಸ್' ಎಂದೂ ಸಂಬಳವಿಲ್ಲದೆ ಆಡುವ ಮೇಲ್ವರ್ಗದವರನ್ನು 'ಜಂಟಲ್‌ಮೆನ್' ಎಂದೂ ಬೇರೆಯಿಟ್ಟಿದ್ದರು. ಬಟ್ಟೆ ಬದಲಿಸುವ ಕೋಣೆ ಕೂಡ ಬೇರೆ. ಈ ಎರಡು ಪಂಗಡಗಳ ನಡುವಿನ ಪಂದ್ಯ 1806ರಿಂದ 1962ರವರೆಗೂ ನಡೆಯಿತು. ಅದರ ಹೆಸರನ್ನೇ ಹೊತ್ತ ಕತೆಯೊಂದರಲ್ಲಿ ರಾಫಲ್ಸ್‌ಗೆ ಶ್ರೀಮಂತ ಪ್ರಭುವಿನ ಮನೆಯಿಂದ ಆಹ್ವಾನ ಬರುತ್ತದೆ. ಅವನು ಸಿಡಿಮಿಡಿಗೊಳ್ಳುತ್ತಾನೆ, ಏಕೆಂದರೆ ಅವರು ಕರೆದದ್ದು ಅವನನ್ನಲ್ಲ, ಅವನ ಬೌಲಿಂಗನ್ನು. ಸಂಬಳ ಕೊಡದೆಯೇ ಅವನನ್ನು ಕೂಲಿಯಾಳಿನಂತೆ ಕಂಡಿದ್ದಾರೆ. ಅದೇ ಮನೆಯಲ್ಲಿ ಅತಿಥಿಯೊಬ್ಬಳ ಹಾರದ ಮೇಲೆ ಲಂಡನ್ನಿನ ವೃತ್ತಿಪರ ಕಳ್ಳರ ಕಣ್ಣೂ ಇದೆ. ಮೈದಾನದಲ್ಲಿ ಇದ್ದ ಭೇದವೇ ಕಳ್ಳತನದಲ್ಲೂ ಕಾಣಿಸಿಕೊಳ್ಳುತ್ತದೆ. ಇಡೀ ಪ್ರಕಾರದಲ್ಲಿ ಇದಕ್ಕಿಂತ ಬಿಗಿಯಾದ ಕತೆ ನನಗೆ ಸಿಕ್ಕಿಲ್ಲ.

ರಾಫಲ್ಸ್ ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ. ಅವನಿಗೆ ಆಸ್ತಿಯಿಲ್ಲ. ಚೆಂಡು ಚೆನ್ನಾಗಿ ಎಸೆಯುವುದರಿಂದ ಊಟದ ಮೇಜಿಗೆ ಬಂದಿದ್ದಾನೆ, ಅದು ನಿಂತರೆ ಆಹ್ವಾನವೂ ನಿಲ್ಲುತ್ತದೆ. ಈ ಅಭದ್ರತೆಯೇ ಅವನ ಕಳ್ಳತನಕ್ಕೆ ಕಾವು ಕೊಡುತ್ತದೆ. ಹಾರ್ನಂಗ್ ಅವನನ್ನು ದೇವರು ಮಾಡುವುದಿಲ್ಲ. 'ವಿಲ್‌ಫುಲ್ ಮರ್ಡರ್' ಕತೆಯಲ್ಲಿ ತನ್ನ ಗುಟ್ಟು ತಿಳಿದ ಕಳ್ಳಮಾಲಿನ ವ್ಯಾಪಾರಿಯನ್ನು ಕೊಲ್ಲಲು ರಾಫಲ್ಸ್ ನಿಜವಾಗಿ ಹೊರಡುತ್ತಾನೆ. ಬೇರೊಬ್ಬ ಮೊದಲೇ ಕೊಂದಿರುತ್ತಾನೆ ಎಂಬುದಷ್ಟೇ ಅವನನ್ನು ಉಳಿಸುತ್ತದೆ. ಬನ್ನಿ ಜೈಲು ಸೇರುತ್ತಾನೆ. ಅವನ ನಾಚಿಕೆ ಪುಟಪುಟದಲ್ಲೂ ಇದೆ. ಇದರ ಜೊತೆಗೆ ಒಂದು ಕೊಳಕೂ ಇದೆ, ಮುಚ್ಚಿಡಬಾರದು. ವಜ್ರದ ಕುಳ ರೂಬೆನ್ ರೋಸೆಂಥಾಲ್‌ನಂಥ ಪಾತ್ರಗಳಲ್ಲಿ, ಮುಂದೆ ಲೇವಾದೇವಿಗಾರ ಡ್ಯಾನ್ ಲೆವಿಯಲ್ಲಿ, ಆ ಕಾಲದ ಯೆಹೂದಿ ದ್ವೇಷ ಹಸಿಹಸಿಯಾಗಿದೆ. ಹಳೆಯ ಸಿರಿವಂತಿಕೆಯನ್ನು ಕೆಣಕುವ ಧೈರ್ಯ ಸಾಲದಾದಾಗ ಹಾರ್ನಂಗ್ ಹೊರಗಿನಿಂದ ಬಂದ ಹೊಸ ಸಿರಿವಂತನ ಕಡೆ ತಿರುಗುತ್ತಾನೆ.

ಡಾಯ್ಲ್‌ಗೆ ಈ ಕತೆಗಳ ಕಲೆಗಾರಿಕೆ ಮೆಚ್ಚಿಗೆಯಾಗಿತ್ತು, ನೀತಿ ಒಪ್ಪಿಗೆಯಾಗಿರಲಿಲ್ಲ. ಅಪರಾಧಿಯನ್ನು ನಾಯಕನನ್ನಾಗಿ ಮಾಡುವುದು ಅಪಾಯವೆಂದು ತಾನು ಹಾರ್ನಂಗ್‌ಗೆ ಹೇಳಿದ್ದಾಗಿ 1924ರ ಆತ್ಮಕಥೆಯಲ್ಲಿ ಬರೆದ. ಇಪ್ಪತ್ತು ವರ್ಷಗಳ ಅನಂತರ ಜಾರ್ಜ್ ಆರ್ವೆಲ್ ಬೇರೆಯೇ ನೋಟ ಕೊಟ್ಟ. 1944ರ ಪ್ರಬಂಧದಲ್ಲಿ ಅವನು ರಾಫಲ್ಸ್‌ನನ್ನು ಜೇಮ್ಸ್ ಹ್ಯಾಡ್ಲಿ ಚೇಸ್‌ನ ಕ್ರೂರ ಕಾದಂಬರಿಯೊಂದರ ಎದುರಿಗಿಟ್ಟು, ರಾಫಲ್ಸ್‌ಗೆ ಧರ್ಮವಿಲ್ಲದಿದ್ದರೂ 'ಇದು ಸಲ್ಲದು' ಎಂಬ ಕೆಲವು ಗೆರೆಗಳಿವೆ, ಅವನ್ನು ಅವನು ದಾಟುವುದಿಲ್ಲ ಎಂದ. ಆರ್ವೆಲ್‌ನ ಮಾತು ಹೆಚ್ಚು ಆಳದ್ದು. ಆದರೆ ಆ ಗೆರೆಗಳೂ ವರ್ಗದ ಗೆರೆಗಳೇ. ರಾಫಲ್ಸ್‌ನ ದೃಷ್ಟಿಯಲ್ಲಿ ಉಂಡ ಮನೆಯ ಯಜಮಾನನ ಒಡವೆ ಮುಟ್ಟಬಾರದು, ಅದೇ ಪಂಕ್ತಿಯಲ್ಲಿ ಕೂತ ಅತಿಥಿಯದನ್ನು ಮುಟ್ಟಬಹುದು!

ಫ್ರಾನ್ಸಿನಲ್ಲಿ ಈ ಕಳ್ಳ ನಗುತ್ತಾ ಬಂದ. 1905ರಲ್ಲಿ ಪ್ರಕಾಶಕ ಪಿಯರ್ ಲಾಫಿತ್ ತನ್ನ ಹೊಸ ಪತ್ರಿಕೆ 'ಜ ಸೇ ತು'ಗಾಗಿ ಮಾರಿಸ್ ಲೆಬ್ಲಾಂ ಬಳಿ ಒಂದು ಕತೆ ಕೇಳಿದ. ಲೆಬ್ಲಾಂ ರೂಆಂ ಊರಿನವನು. ಫ್ಲೋಬೇರ್, ಮೊಪಾಸಾಂ ದಾರಿಯಲ್ಲಿ ಗಂಭೀರ ಕಾದಂಬರಿ ಬರೆದು ಹೆಚ್ಚು ಓದುಗರನ್ನು ಪಡೆಯದವನು, ವಯಸ್ಸು ನಲವತ್ತು. ಜುಲೈನಲ್ಲಿ ಬಂದ ಆ ಕತೆ ಹಡಗಿನಲ್ಲಿ ನಡೆಯುತ್ತದೆ. ಪ್ರಯಾಣಿಕರಲ್ಲಿ ಆರ್ಸೆನ್ ಲೂಪಿನ್ ಇದ್ದಾನೆ ಎಂಬ ತಂತಿಸಂದೇಶ ಅರ್ಧಕ್ಕೇ ಕಡಿಯುತ್ತದೆ, ಎಲ್ಲರೂ ಎಲ್ಲರನ್ನೂ ಶಂಕಿಸುತ್ತಾರೆ. ಕಡೆಗೆ ಕತೆ ಹೇಳುತ್ತಿರುವವನೇ ಲೂಪಿನ್ ಎಂದು ತಿಳಿಯುತ್ತದೆ, ಅಲ್ಲೇ ಅವನು ಸೆರೆಯಾಗುತ್ತಾನೆ. ನಾಯಕನನ್ನು ಮೊದಲ ಕತೆಯಲ್ಲೇ ಬಂಧಿಸಿ, ಎರಡನೆಯದರಲ್ಲಿ ಜೈಲಿನಿಂದಲೇ ಕದಿಯುವಂತೆ ಮಾಡಿ, ಮೂರನೆಯದರಲ್ಲಿ ಬಿಡಿಸಿದ ಧೈರ್ಯ ದೊಡ್ಡದು.

ಲೂಪಿನ್‌ನ ಮೂಲ ಬೇಕಾದರೆ 'ರಾಣಿಯ ಕಂಠೀಹಾರ' ಎಂಬ ಕತೆಗೆ ಹೋಗಬೇಕು. ದೊಡ್ಡ ಮನೆತನದ ಹಾರ ಬೀಗ ಹಾಕಿದ ಕೋಣೆಯಿಂದ ಮಾಯವಾಗುತ್ತದೆ. ಅನುಮಾನ ಬೀಳುವುದು ಆಂರಿಯೆತ್ ಎಂಬ ಬಡ ಹೆಂಗಸಿನ ಮೇಲೆ. ಅವಳು ಮನೆಯೊಡತಿಯ ಹಳೆಯ ಗೆಳತಿ. ಕೀಳು ಅಂತಸ್ತಿನವನನ್ನು ಮದುವೆಯಾದ ತಪ್ಪಿಗೆ ಈಗ ಅಲ್ಲಿ ಆಳಿನಂತೆ ದುಡಿಯುತ್ತಿದ್ದಾಳೆ. ಸಾಕ್ಷ್ಯವಿಲ್ಲದಿದ್ದರೂ ಅವಳನ್ನು ಹೊರಹಾಕುತ್ತಾರೆ. ಎಷ್ಟೋ ವರ್ಷಗಳ ಮೇಲೆ ಔತಣಕ್ಕೆ ಬಂದ ಅತಿಥಿಯೊಬ್ಬ ಆ ಒಗಟನ್ನು ಬಿಡಿಸುತ್ತಾನೆ: ಕದ್ದದ್ದು ಅವಳ ಆರು ವರ್ಷದ ಮಗ, ತಾಯಿಗಾದ ಅವಮಾನ ನೋಡಲಾರದೆ. ಆ ಮಗನೇ ಈ ಅತಿಥಿ, ಅವನೇ ಲೂಪಿನ್. ರಾಫಲ್ಸ್ ಮೇಲ್ವರ್ಗದ ಅಂಚಿನಿಂದ ಕೆಳಕ್ಕೆ ಬೀಳುವ ಭಯದಲ್ಲಿ ಕದ್ದರೆ, ಲೂಪಿನ್ ಸೇವಕರ ಕೋಣೆಯಿಂದ ಮೇಲೆ ಬಂದು ಕದಿಯುತ್ತಾನೆ. ಅವನ ನಗುವಿನ ತಳದಲ್ಲಿ ಆ ಮಗುವಿನ ಸಿಟ್ಟಿದೆ.

ಆ ಸಿಟ್ಟು ಕಾಲದ ಗಾಳಿಯಲ್ಲೂ ಇತ್ತು. 1905ರ ಮಾರ್ಚಿನಲ್ಲಿ ಆಮಿಯಾಂ ಊರಿನಲ್ಲಿ ಮಾರಿಯುಸ್ ಜಾಕೋಬ್ ಎಂಬ ಅರಾಜಕತಾವಾದಿ ಕನ್ನಗಳ್ಳನ ವಿಚಾರಣೆ ನಡೆಯಿತು. ದುಡಿಯದೆ ಉಣ್ಣುವವರ ಮನೆಗಳಿಗಷ್ಟೇ ಕನ್ನ ಹಾಕಿ, ಬಂದುದರಲ್ಲಿ ಒಂದು ಪಾಲನ್ನು ಚಳವಳಿಗೆ ಕೊಡುತ್ತಿದ್ದವನು ಅವನು. ಕಟಕಟೆಯಲ್ಲಿ ನಿಂತು ಸಮಾಜವನ್ನೇ ಆರೋಪಿ ಮಾಡಿ ಜೀವಾವಧಿ ಶಿಕ್ಷೆ ಪಡೆದ. ಲೂಪಿನ್‌ಗೆ ಅವನೇ ಮಾದರಿಯೇ ಎಂಬುದರಲ್ಲಿ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಆ ವರ್ಷ ಲೂಪಿನ್‌ನನ್ನು ಓದಿದ ಫ್ರೆಂಚರು ಜಾಕೋಬ್‌ನ ಸುದ್ದಿಯನ್ನೂ ಓದಿದ್ದರು.

1906ರಲ್ಲಿ ಲೆಬ್ಲಾಂ ಷರ್ಲಾಕ್ ಹೋಮ್ಸ್‌ನನ್ನೇ ತನ್ನ ಕತೆಗೆ ಕರೆತಂದ. ಡಾಯ್ಲ್ ತಕರಾರು ಮಾಡಿದಾಗ ಹೆಸರನ್ನು ಹರ್ಲಾಕ್ ಶೋಮ್ಸ್ ಎಂದು ತಿರುಚಿ ಮುಂದುವರಿಸಿದ. 1909ರ 'ಟೊಳ್ಳು ಸೂಜಿ' ಕಾದಂಬರಿಯಲ್ಲಿ ನಾರ್ಮಂಡಿಯ ಎತ್ರೆತಾ ಕಡಲದಂಡೆಯ ಬಿಳಿ ಬಂಡೆಯೊಳಗೆ ಫ್ರಾನ್ಸಿನ ಅರಸರ ಭಂಡಾರವನ್ನು ಅಡಗಿಸಿಟ್ಟ. ಆ ಊರಿನಲ್ಲಿ ಲೆಬ್ಲಾಂ ಇದ್ದ ಮನೆ ಈಗ ಲೂಪಿನ್ ವಸ್ತುಸಂಗ್ರಹಾಲಯ. ಮುಂದೆ ಯುದ್ಧದ ನೆರಳು ಬಿದ್ದಂತೆ ಲೂಪಿನ್ ದೇಶಭಕ್ತನಾದ, '813' ಕಾದಂಬರಿಯ ಕೊನೆಯಲ್ಲಿ ಫ್ರೆಂಚ್ ಸೈನ್ಯದ ವಿದೇಶಿಯರ ದಳ ಸೇರಿದ. ರಾಫಲ್ಸ್ ಅದಕ್ಕೂ ಮೊದಲೇ ಬೋಯರ್ ಯುದ್ಧದಲ್ಲಿ ಗುಂಡೇಟಿಗೆ ಸತ್ತಿದ್ದ. ಕಳ್ಳನ ಪಾಪ ತೊಳೆಯಲು ಇಬ್ಬರೂ ಲೇಖಕರು ಸಿಪಾಯಿಯ ಸಮವಸ್ತ್ರವನ್ನೇ ಹುಡುಕಿದ್ದು ನನಗೆ ಸೋಲಾಗಿಯೇ ಕಾಣುತ್ತದೆ. ದೊಡ್ಡ ಮನೆಗಳ ಬಗ್ಗೆ ಎತ್ತಿದ್ದ ಪ್ರಶ್ನೆ ಅಲ್ಲಿ ಉತ್ತರವಿಲ್ಲದೆ ಬಿದ್ದಿತು.

ಈ ನಾಯಕನಿಗೆ ಕತೆಯೊಳಗಿನಿಂದಲೇ ಗಟ್ಟಿ ಉತ್ತರ ಕೊಟ್ಟವನು ಚೆಸ್ಟರ್ಟನ್. ಅವನ ಫಾದರ್ ಬ್ರೌನ್ ಕತೆಗಳಲ್ಲಿ ಫ್ಲಾಂಬೋ ಎಂಬ ಆಜಾನುಬಾಹು ಕಳ್ಳ ಬರುತ್ತಾನೆ. ಕ್ರಿಸ್‌ಮಸ್‌ನ ಮರುದಿನ ರಾತ್ರಿ ವಜ್ರ ಕದ್ದು ಮರವೇರಿದ ಅವನಿಗೆ ಕೆಳಗೆ ನಿಂತ ಪಾದ್ರಿ ತೋರಿಸುವುದು ಒಂದೇ ಸಂಗತಿ: ಈ ಕಳ್ಳತನದ ಆರೋಪ ಹೊರಲಿರುವುದು ಆ ಮನೆಯ ಹುಡುಗಿಯನ್ನು ಪ್ರೀತಿಸುವ ಬಡ ತರುಣ. ವಜ್ರಗಳು ಮೇಲಿನಿಂದ ಹುಲ್ಲಿನ ಮೇಲೆ ಉದುರುತ್ತವೆ. ಆಂರಿಯೆತ್‌ಳ ಕತೆಯನ್ನೇ ಇದು ಇನ್ನೊಂದು ಮಗ್ಗುಲಿನಿಂದ ನೋಡುತ್ತದೆ. ದೊಡ್ಡ ಮನೆಯಲ್ಲಿ ಕಳುವಾದರೆ ಪೆಟ್ಟು ಬೀಳುವುದು ಚಿಕ್ಕವರ ಮೇಲೆ. ಮರ್ಯಾದಸ್ಥ ಕಳ್ಳನ ವಿರುದ್ಧ ಹೇಳಬಹುದಾದ ಅತಿ ನ್ಯಾಯವಾದ ಮಾತು ಇದೇ.

ಅಮೆರಿಕದಲ್ಲಿ ಈ ಕಳ್ಳ ಬೇಗ ಸಜ್ಜನನಾದ. ಫ್ರೆಡ್ರಿಕ್ ಇರ್ವಿಂಗ್ ಆಂಡರ್ಸನ್‌ನ ಗೊಡಾಲ್ (1914) ಒಂದು ಅಪವಾದ. ಅಲ್ಲಿ ಪತ್ರಿಕೆಗಳಿಗೆ ಕಳ್ಳನ ಕತೆ ಬರೆಯುವ ಲೇಖಕನೊಬ್ಬನ ಉಪಾಯವನ್ನು ನಿಜವಾದ ಕಳ್ಳ ಬಳಸಿಕೊಳ್ಳುತ್ತಾನೆ, ಡಾಯ್ಲ್‌ನ ಆತಂಕಕ್ಕೆ ಕತೆಯ ರೂಪ ಬಂದಂತೆ. ಫ್ರ್ಯಾಂಕ್ ಪ್ಯಾಕಾರ್ಡ್‌ನ ಜಿಮ್ಮಿ ಡೇಲ್ ನ್ಯೂಯಾರ್ಕಿನ ಸಿರಿವಂತ. ತಿಜೋರಿ ತಯಾರಕನ ಮಗನಾದ್ದರಿಂದ ತಿಜೋರಿ ಒಡೆಯುವುದು ಅವನಿಗೆ ಸಲೀಸು. ಒಡೆಯುವುದೆಲ್ಲ ಪರೋಪಕಾರಕ್ಕೆ. ಮುಖವಾಡ, ಗುಪ್ತ ಹೆಸರು, ಬಿಟ್ಟುಹೋಗುವ ಗುರುತು ಮುಂದಿನ ಮುಸುಕಿನ ವೀರರಿಗೆ ಹೋದವು. ಹೆಂಗಸರೂ ಈ ಕಸುಬಿಗೆ ಬಂದರು. ರಾಯ್ ವಿಕರ್ಸ್‌ನ ಫಿಡೆಲಿಟಿ ಡವ್ (1924) ಬೂದು ಬಟ್ಟೆಯುಟ್ಟು ಸನ್ಯಾಸಿನಿಯಂತೆ ಕಾಣುತ್ತಾಳೆ. ಕಾನೂನಿನ ಒಳಗೇ ನಿಂತು ಮೋಸ ಮಾಡಿದವರನ್ನು ಹುಡುಕಿ ದೋಚುತ್ತಾಳೆ. ಅವಳಿಗೆ ಸಿಕ್ಕಬೇಕಾದ ಹೆಸರು ಸಿಕ್ಕಲೇ ಇಲ್ಲ.

ಸಿಂಗಪುರದಲ್ಲಿ ಚೀನೀ ತಂದೆ, ಇಂಗ್ಲಿಷ್ ತಾಯಿಗೆ ಹುಟ್ಟಿದ ಲೆಸ್ಲಿ ಚಾರ್ಟೆರಿಸ್ 1928ರಲ್ಲಿ ಸೈಮನ್ ಟೆಂಪ್ಲರ್, ಅಂದರೆ 'ದಿ ಸೇಂಟ್'ನನ್ನು ತಂದ. ಮಾತು ಚೂಪು, ಕೈ ಚುರುಕು. ಆದರೆ ಅವನು ದೋಚುವುದು ದುಷ್ಟರನ್ನು ಮಾತ್ರ, ಬೇಕಾದರೆ ಕೊಲ್ಲುತ್ತಾನೆ ಕೂಡ. ಓದುಗ ಯಾವ ಕ್ಷಣದಲ್ಲೂ ಹಿಂಜರಿಯಬೇಕಾಗಿಲ್ಲ. ಪ್ರಕಾರ ಸೊರಗಿದ್ದು ಅಲ್ಲಿಂದಲೇ. ಕದಿಯುವುದು ತಪ್ಪಲ್ಲ ಎಂದಾದ ಮೇಲೆ ಕಳ್ಳನೂ ಪೊಲೀಸನೂ ಒಂದೇ ಕೆಲಸದವರಾಗುತ್ತಾರೆ. ಹಾಲಿವುಡ್ಡಿನ ನೀತಿಸಂಹಿತೆಯೂ ಪ್ರೇಕ್ಷಕರ ಕನಿಕರ ಅಪರಾಧದ ಕಡೆ ವಾಲಬಾರದೆಂದು ಕಟ್ಟುಮಾಡಿತು. ಹೀಗಾಗಿ ಹಿಚ್‌ಕಾಕ್‌ನ 'ಟು ಕ್ಯಾಚ್ ಎ ಥೀಫ್' (1955) ಬರುವ ಹೊತ್ತಿಗೆ ಕಳ್ಳ ನಿವೃತ್ತನಾಗಿ ತನ್ನ ನಿರಪರಾಧ ಸಾಬೀತು ಮಾಡುವುದರಲ್ಲಿ ತೊಡಗಿದ್ದ. ಆಮೇಲೆ ಲಾರೆನ್ಸ್ ಬ್ಲಾಕ್ ಪುಸ್ತಕದಂಗಡಿಯ ಕನ್ನಗಳ್ಳ ಬರ್ನಿಯನ್ನು ಬರೆದ. ಜಪಾನಿನಲ್ಲಿ ಮಂಕಿ ಪಂಚ್ ಎಂಬ ಚಿತ್ರಕಾರ 1967ರಲ್ಲಿ ಲೂಪಿನ್‌ನ ಮೊಮ್ಮಗನನ್ನು ಚಿತ್ರಕತೆಗೆ ತಂದ. ಮಿಯಾಝಾಕಿಯ ಮೊದಲ ಚಲನಚಿತ್ರ (1979) ಆ ಮೊಮ್ಮಗನದೇ. ಆಟ ಸೊಗಸಾಗಿದೆ, ಆದರೆ ಹಳೆಯ ಸಿಟ್ಟಿಲ್ಲ.

ಆ ಸಿಟ್ಟು ಮರಳಿ ಬಂದದ್ದು 2021ರಲ್ಲಿ, ಒಮರ್ ಸಿ ನಟಿಸಿದ ಫ್ರೆಂಚ್ ಸರಣಿ 'ಲೂಪಿನ್'ನಲ್ಲಿ. ಅದರ ನಾಯಕ ಅಸಾನ್ ಡಿಯೊಪ್ ಸೆನೆಗಲ್‌ನಿಂದ ವಲಸೆ ಬಂದವನ ಮಗ. ಸಿರಿವಂತರ ಮನೆಯಲ್ಲಿ ಚಾಲಕನಾಗಿದ್ದ ತಂದೆಯ ಮೇಲೆ ಹಾರ ಕದ್ದ ಸುಳ್ಳು ಆರೋಪ ಬಿದ್ದಿತ್ತು. ನೂರು ವರ್ಷಗಳಲ್ಲಿ ಬಂದ ಹತ್ತಾರು ರೂಪಾಂತರಗಳ ನಡುವೆ ಈ ಸರಣಿ ಕೈಹಾಕಿದ್ದು ಸರಿಯಾದ ಕತೆಗೇ. ಈಗ ಆಂರಿಯೆತ್‌ಳ ಜಾಗದಲ್ಲಿ ಕಪ್ಪು ಬಣ್ಣದ ವಲಸಿಗ ನಿಂತಿದ್ದಾನೆ.

ಹಾರ್ನಂಗ್ ತೀರಿಕೊಂಡದ್ದು 1921ರಲ್ಲಿ, ಲೆಬ್ಲಾಂ 1941ರಲ್ಲಿ. ಲೇಖಕ ತೀರಿದ ಅರವತ್ತು ವರ್ಷಗಳ ಮೇಲೆ ಕೃತಿ ಸಾರ್ವಜನಿಕ ಸ್ವತ್ತಾಗುವುದು ನಮ್ಮ ದೇಶದ ಕಾನೂನು. ಆದ್ದರಿಂದ ಇಬ್ಬರ ಮೂಲ ಕತೆಗಳನ್ನೂ ಯಾರ ಅನುಮತಿಯೂ ಇಲ್ಲದೆ ಕನ್ನಡಕ್ಕೆ ತರಬಹುದು. ಫ್ರೆಂಚ್ ಬಲ್ಲ ಕನ್ನಡಿಗರು ಲೂಪಿನ್‌ನ 1907ರ ಮೊದಲ ಸಂಕಲನವನ್ನು ಮೂಲದಿಂದಲೇ ಅನುವಾದಿಸಲಿ, ಕ್ರಿಕೆಟ್ ಬಲ್ಲವರು ರಾಫಲ್ಸ್‌ನ ಮೊದಲ ಎಂಟು ಕತೆಗಳನ್ನು ಎತ್ತಿಕೊಳ್ಳಲಿ. ಓದುಗರು 'ಜಂಟಲ್‌ಮೆನ್ ಅಂಡ್ ಪ್ಲೇಯರ್ಸ್' ಮೊದಲು ಓದಿ, ಅದರ ಬೆನ್ನಿಗೇ 'ರಾಣಿಯ ಕಂಠೀಹಾರ' ಓದಬೇಕೆಂದು ನನ್ನ ವಿನಂತಿ.