ಪೊರೆಯ ರಂಧ್ರ, ಗುಳ್ಳೆಯ ಗಾತ್ರ: ಕೊಳಚೆನೀರಿನಲ್ಲಿ ಆಮ್ಲಜನಕದ ವರ್ಗಾವಣೆ

ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳಚೆನೀರನ್ನು ಶುದ್ಧೀಕರಿಸುವ ಸಕ್ರಿಯ ಕೆಸರಿನ ವಿಧಾನವನ್ನು ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮುಂದಿಟ್ಟರು. ಆ ವಿಧಾನದ ಘಟಕಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ವಿದ್ಯುತ್ತು ಗಾಳಿ ಊದುವುದಕ್ಕೇ ಖರ್ಚಾಗುತ್ತದೆ. ತೊಟ್ಟಿಯ ತಳದಲ್ಲಿ ಸೂಕ್ಷ್ಮ ರಂಧ್ರಗಳ ಪೊರೆ ಹಾಸಿದರೆ ಈ ಖರ್ಚು ಇಳಿಯುತ್ತದೆ ಎಂಬುದು ನಿಜ. ಆದರೆ ರಂಧ್ರ ಚಿಕ್ಕದಾದಷ್ಟೂ ಲಾಭ ಎಂಬ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ.

ನಂಬಿಕೆಯ ಮೂಲ ಸರಳ ರೇಖಾಗಣಿತದಲ್ಲಿದೆ. ಒಂದು ಲೀಟರ್ ಗಾಳಿಯನ್ನು 5 ಮಿ.ಮೀ. ವ್ಯಾಸದ ಗುಳ್ಳೆಗಳಾಗಿ ಒಡೆದರೆ ಸಿಗುವ ಮೇಲ್ಮೈ 1.2 ಚದರ ಮೀಟರ್, 1 ಮಿ.ಮೀ. ಗುಳ್ಳೆಗಳಾದರೆ 6 ಚದರ ಮೀಟರ್. ಜೊತೆಗೆ ಚಿಕ್ಕ ಗುಳ್ಳೆ ನಿಧಾನವಾಗಿ ಏರುತ್ತದೆ. 4 ಮೀಟರ್ ಆಳದ ತೊಟ್ಟಿಯನ್ನು 2 ಮಿ.ಮೀ. ಗುಳ್ಳೆ ಇಪ್ಪತ್ತು ಸೆಕೆಂಡಿನೊಳಗೇ ದಾಟಿಬಿಡುತ್ತದೆ, 0.1 ಮಿ.ಮೀ. ಗುಳ್ಳೆಗೆ ಹತ್ತು ನಿಮಿಷಕ್ಕೂ ಮೇಲೆ ಬೇಕು.

ತೊಡಕು ಇರುವುದು ಗುಳ್ಳೆ ರಂಧ್ರದಿಂದ ಕಳಚಿಕೊಳ್ಳುವ ಕ್ಷಣದಲ್ಲಿ. ರಂಧ್ರದ ಅಂಚಿನಲ್ಲಿ ಮೇಲ್ಮೈ ಎಳೆತ ಗುಳ್ಳೆಯನ್ನು ಹಿಡಿದಿಡುತ್ತದೆ, ತೇಲುಬಲ ಮೇಲಕ್ಕೆ ಎಳೆಯುತ್ತದೆ. ತೇಲುಬಲ ಗೆಲ್ಲುವವರೆಗೂ ಗುಳ್ಳೆ ಊದುತ್ತಲೇ ಇರುತ್ತದೆ. ನಿಂತ ಶುದ್ಧ ನೀರಿನಲ್ಲಿ ಈ ಎರಡು ಬಲಗಳನ್ನು ಸರಿದೂಗಿಸಿ ಲೆಕ್ಕ ಹಾಕಿದರೆ, 1 ಮಿ.ಮೀ. ರಂಧ್ರದಿಂದ ಸುಮಾರು 3.5 ಮಿ.ಮೀ. ಗುಳ್ಳೆ ಬರುತ್ತದೆ, 1 ಮೈಕ್ರೋಮೀಟರ್ ರಂಧ್ರದಿಂದ 0.35 ಮಿ.ಮೀ. ಗುಳ್ಳೆ. ರಂಧ್ರ ಸಾವಿರ ಪಟ್ಟು ಕಿರಿದಾದರೂ ಗುಳ್ಳೆ ಕಿರಿದಾದದ್ದು ಹತ್ತೇ ಪಟ್ಟು! ಒತ್ತಡ ಮಾತ್ರ ಸಾವಿರ ಪಟ್ಟು ಏರುತ್ತದೆ. ಒದ್ದೆಯಾದ 1 ಮೈಕ್ರೋಮೀಟರ್ ರಂಧ್ರದಿಂದ ನೀರನ್ನು ಹೊರದೂಡಲು ಸುಮಾರು 288 ಕಿಲೋಪ್ಯಾಸ್ಕಲ್ ಬೇಕು. 4 ಮೀಟರ್ ನೀರಿನ ಭಾರವೇ 39 ಕಿಲೋಪ್ಯಾಸ್ಕಲ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಪೊರೆಯ ಗುಣವೂ ಮುಖ್ಯ. ಜಲವಿಕರ್ಷಕ ಪೊರೆಯ ಮೇಲೆ ಗಾಳಿ ರಂಧ್ರದಾಚೆಗೂ ಹರಡಿಕೊಂಡು ಅಗಲ ಬುಡದ ದಪ್ಪ ಗುಳ್ಳೆಯಾಗುತ್ತದೆ. ಜಪಾನಿನ ಮಿಯಾಝಾಕಿಯಲ್ಲಿ ಶಿರಾಸು ಎಂಬ ಜ್ವಾಲಾಮುಖಿ ಬೂದಿಯಿಂದ ಮಾಡುವ ರಂಧ್ರಮಯ ಗಾಜು ಜಲಾಕರ್ಷಕ. ಅದರ ಮೇಲೆ ನೀರನ್ನು ವೇಗವಾಗಿ ಹರಿಸಿದರೆ ಗುಳ್ಳೆ ಬೆಳೆಯುವ ಮೊದಲೇ ಕಳಚುತ್ತದೆ. ಸಾಬೂನಿನಂಥ ವಸ್ತು ಬೆರೆಸಿದರೆ ಇನ್ನಷ್ಟು ಚಿಕ್ಕದಾಗುತ್ತದೆ. ಪ್ರಯೋಗಾಲಯದಲ್ಲಿ ಇದು ಸೊಗಸಾದ ಸಾಧನೆ, ಆದರೆ ನೀರು ಹರಿಸುವ ಪಂಪಿನ ವಿದ್ಯುತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಕೊಳಚೆನೀರಿನಲ್ಲಿ ಆ ಸಾಬೂನು ನಾವು ಬೆರೆಸದೆಯೇ ಇರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಡಿಟರ್ಜೆಂಟಿನ ಅಣುಗಳು ಗುಳ್ಳೆಯ ಮೈಗೆ ಅಂಟಿ ಅದರ ಚಲನೆಯನ್ನು ಬಿಗಿಗೊಳಿಸುತ್ತವೆ. ಮೇಲ್ಮೈ ಹೆಚ್ಚಿದರೂ ಅದರ ಮೂಲಕ ಆಮ್ಲಜನಕ ದಾಟುವ ವೇಗ ಕುಸಿಯುತ್ತದೆ. ಸೂಕ್ಷ್ಮ ಗುಳ್ಳೆಯ ಡಿಫ್ಯೂಸರುಗಳ (ಗಾಳಿಯನ್ನು ಗುಳ್ಳೆಯಾಗಿಸುವ ಸಾಧನಗಳ) ವರ್ಗಾವಣೆ ಗುಣಾಂಕ ಶುದ್ಧ ನೀರಿನಲ್ಲಿ ಇದ್ದುದರ ಅರ್ಧದ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ದಪ್ಪ ಗುಳ್ಳೆಗೆ ಈ ಏಟು ಕಡಿಮೆ. ರಬ್ಬರ್ ಪೊರೆಗೆ ಜೀವಿಪದರ ಕಟ್ಟಿ, ರಬ್ಬರ್ ಗಡುಸಾದಂತೆ ನಷ್ಟ ಮತ್ತಷ್ಟು ಬೆಳೆಯುತ್ತದೆ.

ಬೆಂಗಳೂರಿಗೆ ಇನ್ನೊಂದು ಕೊರತೆಯಿದೆ: ಎತ್ತರ. 25 ಡಿಗ್ರಿಯಲ್ಲಿ ಸಮುದ್ರಮಟ್ಟದ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 900 ಮೀಟರ್ ಎತ್ತರದಲ್ಲಿ ಹಿಡಿಯುವುದು ಸುಮಾರು 7.4. ತೊಟ್ಟಿಯಲ್ಲಿ ಲೀಟರಿಗೆ 2 ಮಿಲಿಗ್ರಾಂ ಉಳಿಸಿಕೊಳ್ಳಬೇಕಾದಾಗ ವರ್ಗಾವಣೆಯ ಪ್ರೇರಕಬಲ, ಅಂದರೆ ನೀರು ಹಿಡಿಯಬಲ್ಲ ಆಮ್ಲಜನಕಕ್ಕೂ ಅದರಲ್ಲಿರುವುದಕ್ಕೂ ನಡುವಿನ ಅಂತರ, ಶೇ. 14ರಷ್ಟು ತಗ್ಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವಾಗ ಇದು ಬರೀ ಪಠ್ಯಪುಸ್ತಕದ ಲೆಕ್ಕವಲ್ಲ.

ಆದ್ದರಿಂದ ಪೊರೆ ಕೊಳ್ಳುವವರು ತಯಾರಕರು ಕೊಡುವ ಶುದ್ಧ ನೀರಿನ ಅಂಕಿಯಷ್ಟಕ್ಕೇ ತೃಪ್ತರಾಗಬಾರದು. ತಿಂಗಳುಗಟ್ಟಲೆ ಓಡಿದ ತೊಟ್ಟಿಯಿಂದ ಹೊರಬರುವ ಗಾಳಿಯಲ್ಲಿ ಉಳಿದ ಆಮ್ಲಜನಕವನ್ನು ಅಲ್ಲಿಯೇ ಅಳೆಯುವ ಷರತ್ತನ್ನು ಟೆಂಡರಿನಲ್ಲೇ ಬರೆಯಿಸಬೇಕು.