ಇಂಗ್ಲಿಷಿನ ಸತ್ತಾರ್ಥಕ ಕ್ರಿಯಾಪದ

ಇಂಗ್ಲಿಷಿನಲ್ಲಿ ‘ಇರು’ ಎಂಬರ್ಥವುಳ್ಳ ‘ಬೀ’ ಎಂಬ ಕ್ರಿಯಾಪದಕ್ಕೆ ‘ಆಮ್’, ‘ಈಸ್’, ‘ಆರ್’, ‘ವಾಸ್’, ‘ವರ್’ ಎಂಬ ರೂಪಗಳುಂಟು. ಬಾಲಕರು ಇವನ್ನು ಕಾರಣವರಿಯದೆ ಕಂಠಪಾಠ ಮಾಡುವರು. ಉಪಾಧ್ಯಾಯರು ನಿಯಮವಿಲ್ಲದ ರೂಪಗಳೆಂದು ಹೇಳಿ ಮುಂದಕ್ಕೆ ಹೋಗುವರು. ಇವುಗಳ ಚರಿತ್ರೆಯನ್ನು ಶೋಧಿಸಿದರೆ, ನಿಯಮರಾಹಿತ್ಯವು ತೋರಿಕೆ ಮಾತ್ರವೆಂದೂ, ಮೂರು ಪ್ರಾಚೀನ ಧಾತುಗಳು ಕಾಲಕ್ರಮದಲ್ಲಿ ಒಂದೇ ಪದದ ರೂಪಗಳಾಗಿ ಕೂಡಿಕೊಂಡುವೆಂದೂ ವ್ಯಕ್ತವಾಗುವುದು. ಆ ಮೂರಕ್ಕೂ ಸಂಸ್ಕೃತದಲ್ಲಿ ಸಜಾತೀಯ ಧಾತುಗಳಿವೆ: ಅಸ್, ಭೂ, ವಸ್.

‘ಆಮ್’ ಎಂಬುದು ಹಳೆಯ ಇಂಗ್ಲಿಷಿನ ‘ಎಓಮ್’, ಸಂಸ್ಕೃತದ ‘ಅಸ್ಮಿ’. ಇದರ ಕೊನೆಯ ಮಕಾರವು ಉತ್ತಮಪುರುಷದ ‘ಮಿ’ ಪ್ರತ್ಯಯದ ಶೇಷ. ಇಂದಿನ ಇಂಗ್ಲಿಷಿನಲ್ಲಿ ಬೇರಾವ ಕ್ರಿಯಾಪದದಲ್ಲಿಯೂ ಈ ಪ್ರತ್ಯಯವು ಉಳಿದಿಲ್ಲ. ‘ಈಸ್’ ಎಂಬುದು ‘ಅಸ್ತಿ’. ಗ್ರೀಕಿನ ‘ಎಸ್ತಿ’, ಲ್ಯಾಟಿನ್ನಿನ ‘ಎಸ್ತ್’ ಇದರ ಸೋದರರೂಪಗಳು. ಹಳೆಯ ಇಂಗ್ಲಿಷಿನಲ್ಲಿ ‘ಸಂತಿ’ಗೆ ಸರಿಯಾದ ‘ಸಿಂಡ್’ ಎಂಬ ಬಹುವಚನರೂಪವೂ ಇದ್ದಿತು. ಅದು ಅಳಿದು, ಉತ್ತರದೇಶದ ನುಡಿಯಿಂದ ಹರಡಿದ ‘ಆರ್’ ಅದರ ಸ್ಥಾನವನ್ನು ಪಡೆಯಿತು.

ಮೂಲಭಾಷೆಯ ಭಕಾರವು ಜರ್ಮಾನಿಕ್ ಭಾಷೆಗಳಲ್ಲಿ ಬಕಾರವಾಗುವ ನಿಯಮವನ್ನು ಯಾಕೋಬ್ ಗ್ರಿಮ್ಮನು 1822ರಲ್ಲಿ ವಿವರಿಸಿದನು. ‘ಭ್ರಾತೃ’ವಿಗೆ ‘ಬ್ರದರ್’ ಹೇಗೋ ‘ಭೂ’ವಿಗೆ ‘ಬೀ’ ಹಾಗೆ. ಹಳೆಯ ಇಂಗ್ಲಿಷಿನಲ್ಲಿ ಈ ರೂಪಗಳು ವಿಶೇಷವಾಗಿ ಭವಿಷ್ಯತ್ತನ್ನೂ ಸಾರ್ವಕಾಲಿಕ ವಿಷಯಗಳನ್ನೂ ಹೇಳಲು ಬಳಕೆಯಾಗುತ್ತಿದ್ದುವು. ಅಸ್ ಧಾತುವಿಗೆ ಆರ್ಧಧಾತುಕದಲ್ಲಿ ಭೂ ಆದೇಶವಾಗುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ವಿಧಿಸಿರುವನು. ಆದಕಾರಣವೇ ‘ಅಸ್ತಿ’ಗೆ ಭವಿಷ್ಯದ್ರೂಪವು ‘ಭವಿಷ್ಯತಿ’. ಒಂದು ಧಾತುವಿನ ಕೊರತೆಯನ್ನು ಮತ್ತೊಂದು ತುಂಬುವ ಕ್ರಮವು ಉಭಯತ್ರ ಸಮಾನವಾದುದು.

ಹೆಚ್ಚು ವಿಸ್ಮಯಕರವಾದುದು ‘ವಾಸ್’, ‘ವರ್’ ಎಂಬ ಭೇದ. ಏಕವಚನದ ಸಕಾರವು ಬಹುವಚನದಲ್ಲಿ ರೇಫವಾದುದೇಕೆ? ಡೆನ್ಮಾರ್ಕಿನ ಕಾರ್ಲ್ ವೆರ್ನರನು 1870ರ ದಶಕದಲ್ಲಿ ಇಂತಹ ಪ್ರಯೋಗಗಳಿಗೆ ಕಾರಣವನ್ನು ವೈದಿಕ ಸ್ವರದಲ್ಲಿ ಕಂಡನು. ಲಿಟ್ಟಿನಲ್ಲಿ ‘ಉವಾಸ’ ಎಂಬಲ್ಲಿ ಉದಾತ್ತವು ಧಾತುವಿನ ಮೇಲೆ. ‘ಊಷುಃ’ ಎಂಬಲ್ಲಿ ಪ್ರತ್ಯಯದ ಮೇಲೆ. ಇದೇ ಸ್ವರವ್ಯವಸ್ಥೆಯು ಪ್ರಾಚೀನ ಜರ್ಮಾನಿಕ್ಕಿನಲ್ಲಿಯೂ ಇದ್ದಿತು. ಉದಾತ್ತವು ಹಿಂದಣ ಅಕ್ಷರದಲ್ಲಿದ್ದರೆ ಸಕಾರವು ನಿಂತಿತು. ಇಲ್ಲದಿದ್ದರೆ ಘೋಷವಾಗಿ, ಬಳಿಕ ರೇಫವಾಯಿತು. ಅನಂತರ ಆ ಭಾಷೆಗಳಲ್ಲಿ ಸ್ವರವು ಮೊದಲ ಅಕ್ಷರಕ್ಕೆ ಸರಿದು ಹಳೆಯ ವ್ಯವಸ್ಥೆಯು ನಷ್ಟವಾದರೂ, ಅದರ ಗುರುತು ಈ ಎರಡು ಸಣ್ಣ ಮಾತುಗಳಲ್ಲಿ ಉಳಿಯಿತು.

ಅರ್ಥದ ಸಂಚಾರವೂ ಗಮನಾರ್ಹವಾದುದು. ನಿವಾಸಾರ್ಥಕವಾದ ವಸ್ ಇಂಗ್ಲಿಷಿನಲ್ಲಿ ಬರಿಯ ಇರವನ್ನು ಹೇಳತೊಡಗಿತು. ಭೂ ಧಾತುವಾದರೋ ನಿವಾಸದ ಅರ್ಥವನ್ನು ಪಡೆಯಿತು: ನೆರೆಯವನೆಂಬರ್ಥದ ‘ನೇಬರ್’ ಪದದ ಉತ್ತರಭಾಗವು ಈ ಮೂಲದ್ದು. ಕನ್ನಡದ ‘ಇರು’ ಬೇರೆ ಭಾಷಾವರ್ಗದ ಧಾತು. ಆದರೂ ‘ಅವರು ಧಾರವಾಡದಲ್ಲಿರುವರು’ ಎಂಬಲ್ಲಿ ಇರವೂ ವಾಸವೂ ಒಂದೇ ಪದದಿಂದ ತೋರುವುವು. ಅರ್ಥಸಾಮ್ಯವು ಬಾಂಧವ್ಯಕ್ಕೆ ಪ್ರಮಾಣವಲ್ಲವೆಂಬುದಕ್ಕೆ ಇದೇ ನಿದರ್ಶನ. ಧ್ವನಿಸಾಮ್ಯವೂ ಅಷ್ಟೆ: ಕೆಟ್ಟದ್ದೆಂಬರ್ಥದ ಇಂಗ್ಲಿಷ್ ‘ಬ್ಯಾಡ್’, ಪಾರಸಿಯ ‘ಬದ್’ ಇವೆರಡಕ್ಕೂ ಸಂಬಂಧವಿಲ್ಲ. ನಿಯತವಾದ ಧ್ವನಿಪರಿವರ್ತನೆಯೇ ಪ್ರಮಾಣ.

ಇಷ್ಟರಿಂದ ಸಂಸ್ಕೃತವೇ ಇಂಗ್ಲಿಷಿನ ಜನನಿಯೆಂದು ಹೇಳುವವರುಂಟು. ಅದು ಯುಕ್ತವಲ್ಲ. ಸರ್ ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿಯೇ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದು ಸಮಾನಮೂಲವನ್ನು ಊಹಿಸಿದ್ದನು. ಆ ಮೂಲವು ಬಹುಶಃ ಈಗ ಉಳಿದಿಲ್ಲವೆಂದೂ ಎಣಿಸಿದ್ದನು. ‘ಅಸ್ತಿ’ಯ ಅಕಾರಕ್ಕಿಂತ ‘ಎಸ್ತಿ’ಯ ಹ್ರಸ್ವ ಎಕಾರವೇ ಪ್ರಾಚೀನ. ಇದಕ್ಕೆ ಸಾಕ್ಷಿ ಸಂಸ್ಕೃತದಲ್ಲಿಯೇ ಇದೆ: ಕೃ ಧಾತುವಿನ ಲಿಟ್ಟಿನಲ್ಲಿ ಅಭ್ಯಾಸದ ಕಕಾರವು ಚಕಾರವಾಗಿ ‘ಚಕಾರ’ ಎಂದಾಗುವುದಕ್ಕೆ, ಅಲ್ಲಿ ಮೊದಲು ತಾಲವ್ಯವಾದ ಎಕಾರವಿದ್ದುದೇ ಕಾರಣ. ಕಕಾರವನ್ನು ಬದಲಿಸಿದ ತರುವಾಯ ಆ ಎಕಾರವು ಅಕಾರದಲ್ಲಿ ಲೀನವಾಯಿತು. ಆದುದರಿಂದ ಸಂಸ್ಕೃತವು ಇಂಗ್ಲಿಷಿಗೆ ತಾಯಿಯಲ್ಲ, ಅದರ ಪೂರ್ವಿಕ ಭಾಷೆಗೆ ಅಕ್ಕ. ಆದರೆ ‘ವಾಸ್’, ‘ವರ್’ ಎಂಬುವುಗಳ ಭೇದವನ್ನು ಬಿಡಿಸಲು ಈ ಅಕ್ಕನ ಉದಾತ್ತಾನುದಾತ್ತಗಳೇ ಬೇಕಾದುವು. ವೇದವನ್ನು ಸ್ವರಸಹಿತವಾಗಿ ಅಧ್ಯಯನ ಮಾಡಿ ಕಾಪಾಡಿದವರ ಶ್ರಮವು ಇಲ್ಲಿಯೂ ಫಲಿಸಿತು.